ಪೀಪಾಯಿಯಲ್ಲಿ ನೀರಿತ್ತು

ನನ್ನ ಮೊಮ್ಮಗಳು ಯೊಕಾಸ್ತಾಗೆ ಹತ್ತು ವರ್ಷ. ಆ ಹುಡುಗಿ ಬಾಯಿ ಮುಚ್ಚೋದು ನಿದ್ದೇಲಿ ಮಾತ್ರ, ಅದೂ ಗ್ಯಾರಂಟಿ ಇಲ್ಲ. ಅವಳಿಗೊಬ್ಬರು ಟೀಚರ್ ಇದ್ದಾರೆ. ಪ್ರತಿ ಶುಕ್ರವಾರ ಮಕ್ಕಳು ಒಂದೊಂದು ಪ್ರಶ್ನೆ ತರಬೇಕು ಅಂತ ಕಟ್ಟಪ್ಪಣೆ ಮಾಡಿಬಿಟ್ಟಿದ್ದಾರೆ. ಪಾಠದ ಪ್ರಶ್ನೆ ಅಲ್ಲ. ಆಕಳಿಕೆ ಯಾಕೆ ಬರತ್ತೆ, ಸೆಕೆಗೆ ನಾಯಿ ಯಾಕೆ ನಾಲಿಗೆ ಚಾಚತ್ತೆ, ನಮಗೆ ನಾವೇ ಕಚಗುಳಿ ಇಟ್ಕೊಂಡ್ರೆ ಯಾಕೆ ನಗು ಬರಲ್ಲ, ಇಂಥವು. ಟೀಚರ್‌ಗೇನು, ಶುಕ್ರವಾರ ಒಂದು ಗಂಟೆ ಕೇಳಿ ಮನೆಗೆ ಹೋಗ್ತಾರೆ. ಉಳಿದ ವಾರವೆಲ್ಲ ತಲೆ ತಿನ್ನಿಸ್ಕೊಳ್ಳೋಳು ನಾನು.

ನಾನು ಎರ್ಸಿಲಿಯಾ, ಇಸ್ತ್ರಿ ಮಾಡೋಳು. ನಮ್ಮೂರು ಅಜುವಾದಲ್ಲಿ ಭಾನುವಾರ ಚರ್ಚಿಗೆ ಬಂದ ಗಂಡಸಿನ ಕಾಲರ್ ನೆಟ್ಟಗೆ ನಿಂತಿದೆ ಅಂದ್ರೆ ಅದು ನನ್ನ ಕೈ ದಾಟಿ ಬಂದಿದೆ ಅಂತಲೇ ತಿಳೀರಿ. ಹಿತ್ತಿಲ ಮಾವಿನ ಮರದ ಕೆಳಗೆ ಒಂದು ತಗಡಿನ ಚಪ್ಪರ, ಅದರಡಿ ನನ್ನ ಮೇಜು. ಕರೆಂಟ್ ಇದ್ದಾಗ ಕರೆಂಟಿನ ಇಸ್ತ್ರಿಪೆಟ್ಟಿಗೆ, ಹೋದಾಗ ಕೆಂಡದ್ದು. ಈ ಊರಲ್ಲಿ ಕರೆಂಟ್ ನಂಬ್ಕೊಂಡು ಕೂತ್ರೆ ಜನ ಮುದ್ದೆ ಬಟ್ಟೇಲೇ ಮದುವೆ ಆಗಬೇಕಾಗತ್ತೆ, ಹಾಗಾಗಿ ಕೆಂಡ ಯಾವಾಗಲೂ ರೆಡಿ ಇಟ್ಟಿರ್ತೀನಿ.

ಇಸ್ತ್ರಿ ಮಾಡೋರಿಗೆ ಒಂದು ಕಟ್ಟುನಿಟ್ಟು ಇದೆ. ಬಿಸಿಯಾದ ಕೈಯನ್ನ ತಣ್ಣೀರಿಗೆ ಹಾಕಬಾರದು. ಹಾಕಿದ್ರೆ ಪಾಸ್ಮೊ ಹೊಡೆಯತ್ತೆ, ಅಂದ್ರೆ ಬಿಸಿ ಮೈಗೆ ತಂಪು ಬಡಿದು ಬರೋ ಸೆಡವು. ಬೆರಳು ಸೆಟೆದುಕೊಳ್ಳತ್ತೆ, ಬಾಯಿ ಸೊಟ್ಟಗಾಗತ್ತೆ. ಅದಕ್ಕೇ ಮೇಜಿನ ಮುಂದೆ ನಿಂತ ದಿನ ಕತ್ತಲಾಗೋವರೆಗೂ ನಾನು ಕೈ ತೊಳೆಯಲ್ಲ, ಫ್ರಿಜ್ಜಿನ ಬಾಗಿಲನ್ನೂ ಬೇರೆಯವರೇ ತೆಗೀಬೇಕು. ನಮ್ಮಮ್ಮನೂ ಹಾಗೇ ಇದ್ದಳು, ಅವಳಮ್ಮನೂ ಹಾಗೇ. ಸುಟ್ಟ ಗಾಯಕ್ಕಂತೂ ನೀರು ವಿಷ ಇದ್ದ ಹಾಗೆ. ಟೂತ್‌ಪೇಸ್ಟ್ ಹಚ್ಚು, ಕಾಫಿ ಗಷ್ಟು ಹಚ್ಚು, ಬಟ್ಟೆ ಸುತ್ತು, ನೀರು ಮಾತ್ರ ಹತ್ತಿರ ತರಬೇಡ. ಇದನ್ನ ನಮ್ಮ ಬೀದೀಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ, ಯಾಕಂದ್ರೆ ಸಾಕ್ಷಿ ನಮ್ಮ ಮನೇಲೇ ಇದೆ.

ಸಾಕ್ಷಿ ಅಂದ್ರೆ ನನ್ನ ತಂಗಿ ರಮೋನಿತಾ. ಅವಳ ಬಲಗೈಯ ಮೂರು ಬೆರಳು ಅಂಗೈಗೆ ಅಂಟಿಕೊಂಡ ಹಾಗೆ ಮಡಚಿಕೊಂಡಿವೆ. ಐದು ವರ್ಷದವಳಿದ್ದಾಗ ಬೇಯ್ತಿದ್ದ ಬೀನ್ಸ್ ಪಾತ್ರೆಗೆ ಕೈ ಹಾಕಿದ್ಲು. ಅಮ್ಮ ಕಾಫಿ ಗಷ್ಟು ಮೆತ್ತಿ ಬಟ್ಟೆ ಕಟ್ಟಿದ್ಲು. ಸಂಜೆ ಜೋರು ಮಳೆ ಬಂತು, ಸೂರು ಸೋರಿ ಕಟ್ಟಿದ ಬಟ್ಟೆ ಒದ್ದೆಯಾಯ್ತು. ಆಮೇಲೆ ಬೆರಳು ಬಿಚ್ಚಲೇ ಇಲ್ಲ. ಮಳೆನೀರು ತಾಗಿ ಹೀಗಾಯ್ತು ಅಂತ ಅಮ್ಮ ಹೇಳಿದ್ಲು, ಊರೂ ಹೇಳಿತು, ರಮೋನಿತಾನೂ ಹೇಳ್ತಾ ಬಂದಳು. ಯಾರ ಮನೇಲಿ ಮಗು ಕೈ ಸುಟ್ಕೊಂಡ್ರೂ ಅವಳು ಹೋಗಿ ಆ ಕೈ ಎತ್ತಿ ತೋರಿಸ್ತಾಳೆ. ನೀರು ಹಾಕಬೇಡ್ರಮ್ಮ, ನನ್ನ ನೋಡಿ ಬುದ್ಧಿ ಕಲೀರಿ ಅಂತಾಳೆ. ಮದುವೆ ಆಗಲಿಲ್ಲ, ಹೊಲಿಗೆ ಕಲೀಬೇಕಂತಿದ್ದಳು, ಅದೂ ಆಗಲಿಲ್ಲ. ಬೇರೆಯವರ ಮಕ್ಕಳ ಕೈ ಕಾಯೋದೇ ಅವಳಿಗೆ ಉಳಿದ ದೊಡ್ಡಸ್ತಿಕೆ, ಅದನ್ನ ನಾವ್ಯಾರೂ ತಮಾಷೆ ಮಾಡ್ತಿರಲಿಲ್ಲ.

ಇಂಥ ಮನೇಲಿ ಯೊಕಾಸ್ತಾ ಒಂದಿನ ಎರಡು ಮೊಟ್ಟೆ ಹಿಡ್ಕೊಂಡು ಬಂದಳು.

ಎರಡನ್ನೂ ಒಂದೇ ಪಾತ್ರೇಲಿ ಕುದಿಸಿದ್ಲು, ಒಟ್ಟಿಗೇ ತೆಗೆದ್ಲು. ಒಂದನ್ನ ತಟ್ಟೇಲಿ ಇಟ್ಟಳು, ಇನ್ನೊಂದರ ಮೇಲೆ ಹಿತ್ತಿಲ ಪೀಪಾಯಿಯಿಂದ ಮಗ್ಗು ಮಗ್ಗು ನೀರು ಹುಯ್ದಳು. ಸ್ವಲ್ಪ ಹೊತ್ತು ಬಿಟ್ಟು ಒಡೆದು ನೋಡಿದ್ರೆ, ತಟ್ಟೇಲಿದ್ದದ್ದು ಒಳಗೆಲ್ಲ ಗಟ್ಟಿ. ನೀರು ಹುಯ್ದದ್ದರ ಹಳದಿ ಇನ್ನೂ ಮೆತ್ತಗೆ, ನೀರು ನೀರು. ನೋಡಜ್ಜಿ, ಒಲೆಯಿಂದ ಇಳಿಸಿದ್ರೂ ಮೊಟ್ಟೆ ಒಳಗೊಳಗೇ ಬೇಯ್ತಾನೇ ಇರತ್ತೆ, ಬಿಸಿ ಹೊರಗೆ ಬರೋಕೆ ದಾರಿ ಕೊಡಬೇಕು ಅಂದಳು. ನಮ್ಮ ಮೈಯೂ ಹಾಗೇನಂತೆ, ಟೀಚರ್ ಹೇಳಿದ್ರಂತೆ. ಸುಟ್ಟ ಮೇಲೆ ಬೆಂಕಿ ದೂರ ಹೋದ್ರೂ ಚರ್ಮದೊಳಗೆ ಬಿಸಿ ಕೂತು ಇನ್ನೂ ಆಳಕ್ಕೆ ಸುಡ್ತಾ ಹೋಗತ್ತಂತೆ. ಇಪ್ಪತ್ತು ನಿಮಿಷ ತಣ್ಣೀರು ಹುಯ್ತಾನೇ ಇರಬೇಕಂತೆ. ಐಸ್ ಇಡಬಾರದಂತೆ, ಅದು ಚರ್ಮಕ್ಕೆ ಇನ್ನೊಂದು ಏಟು ಕೊಡತ್ತಂತೆ. ಸುಮ್ನೆ ನೀರು.

ಎರಡು ಮೊಟ್ಟೆ ದಂಡ ಮಾಡಿದ್ಯಲ್ಲೇ ಅಂತ ಬೈದು ಎರಡನ್ನೂ ನಾನೇ ತಿಂದೆ. ಮೊಟ್ಟೆಗೆ ಬೆರಳೂ ಇಲ್ಲ, ಬಾಯೂ ಇಲ್ಲ, ಸೊಟ್ಟಗಾಗೋಕೆ ಏನಿದೆ ಅಂತ ಛೇಡಿಸಿದೆ. ಅವಳು ಬಿಡಲಿಲ್ಲ.

"ಚಿಕ್ಕಜ್ಜಿ ಕೈ ಸುಟ್ಟಾಗ ಮನೇಲಿ ನೀರಿರಲಿಲ್ವಾ?" ಅಂದಳು.

ರಮೋನಿತಾ ಆಗ ಅಂಗಡಿಗೆ ಹೋಗಿದ್ದಳು. ನಾನು ಹೆಮ್ಮೆಯಿಂದಲೇ ಹೇಳಿದೆ, ನಮ್ಮಮ್ಮ ಪೀಪಾಯಿ ಖಾಲಿ ಬಿಟ್ಟವಳಲ್ಲ, ಅವತ್ತೂ ಕಂಠಮಟ್ಟ ನೀರಿತ್ತು ಅಂತ. ನಾನೇ, ಒಂಬತ್ತು ವರ್ಷದವಳು, ತಂಗಿ ಕಿರುಚೋದು ತಡೆಯಲಾರದೆ ಸೋರೆ ಬುರುಡೆ ತುಂಬ ನೀರು ಮೊಗೆದು ಓಡಿದ್ದೆ. ಅಮ್ಮ ನನ್ನ ಕೈ ಮೇಲೆ ಬಾರಿಸಿ ಬುರುಡೆ ಬೀಳಿಸಿದ್ಲು. ತಂಗೀನ ಕೊಲ್ತೀಯೇನೇ ಅಂತ ಬೈದಿದ್ಲು. ಬುರುಡೆ ಎರಡು ಹೋಳಾಯ್ತು.

ಯೊಕಾಸ್ತಾ ಹಿತ್ತಿಲ ಪೀಪಾಯಿ ಕಡೆ ತಿರುಗಿ ನೋಡಿದ್ಲು. ಆ ನೋಟ ನನಗೆ ಸರಿಬರಲಿಲ್ಲ. ಹೋಗಿ ಇದ್ದಿಲು ತಾ ಅಂತ ಗದರಿಸಿ ಕಳಿಸಿದೆ.

ಆಮೇಲೆ ಬಂತು ಆ ಬುಧವಾರ.

ಬೆಳಗಿನಿಂದ ಕರೆಂಟ್ ಇರಲಿಲ್ಲ. ಯಾರದೋ ಮಗಳ ಹದಿನೈದನೇ ಹುಟ್ಟುಹಬ್ಬ, ನಮ್ಮ ಕಡೆ ಅದು ಮದುವೆಯಷ್ಟೇ ಜೋರು, ಅದಕ್ಕೆ ರಾಶಿ ರಾಶಿ ಅಂಗಿ ಬಂದಿತ್ತು, ಕೆಂಡದ ಪೆಟ್ಟಿಗೆ ಹಿಡಿದು ಹಿಡಿದು ನನ್ನ ಅಂಗೈ ಕೆಂಪಗಾಗಿತ್ತು. ಮೂರು ಗಂಟೆ ಹೊತ್ತಿಗೆ ಪಕ್ಕದ ಮನೆ ಕ್ಲಾರಿಬೆಲ್ ದಿನಾ ಬರೋ ಹಾಗೆ ಕಾಫಿ ಪಾತ್ರೆ ಹಿಡ್ಕೊಂಡು ಹಿತ್ತಿಲಿಗೆ ಬಂದಳು. ಒಲೆಯಿಂದ ಆಗಷ್ಟೇ ಇಳಿಸಿದ್ದು, ಮೂತಿಯಿಂದ ಹಬೆ ಬರ್ತಿತ್ತು. ಪಾತ್ರೇನ ಸ್ಟೂಲಿನ ಮೇಲಿಟ್ಟು ಲೋಟ ತರೋಕೆ ತಿರುಗಿದ್ಲು. ಅವಳ ಮಗ ವಿಲ್ಕಿನ್, ಎರಡು ವರ್ಷದ ಪೋರ, ಯಾರ ಕಾಲ ಸಂದಿಯಿಂದ ಬಂದನೋ ಕಾಣೆ, ಹಿಡಿಕೆ ಹಿಡಿದು ಎಳೆದೇಬಿಟ್ಟ.

ಕುದಿಯೋ ಕಾಫಿ ಪೂರ್ತಿ ಅವನ ಬಲಗೈ ಮೇಲೆ ಬಿತ್ತು. ಬೆರಳಿಂದ ಮೊಣಕೈವರೆಗೆ.

ಅಂಥ ಕಿರುಚಾಟ ನಾನು ಕೇಳಿದ್ದು ಅದೇ ಮೊದಲಲ್ಲ. ಐವತ್ತು ಚಿಲ್ಲರೆ ವರ್ಷ ಹಿಂದೆ ಕೇಳಿದ್ದು ಹಾಗೇ ಇತ್ತು. ನನ್ನ ಪೆಟ್ಟಿಗೆ ಅಂಗಿ ಮೇಲೇ ನಿಂತು ಹೊಗೆ ಏಳ್ತಿತ್ತು. ಕ್ಲಾರಿಬೆಲ್ ಟೂತ್‌ಪೇಸ್ಟ್ ಟೂತ್‌ಪೇಸ್ಟ್ ಅಂತ ಮನೆಕಡೆ ಓಡಿದ್ಲು. ಚಪ್ಪರದಡಿ ಕೂತಿದ್ದ ರಮೋನಿತಾ ಎದ್ದು ಬಂದು ಮಗುವಿನ ಮುಂದೆ ಅಡ್ಡ ನಿಂತಳು. ಯಾಕಂದ್ರೆ ಅಷ್ಟರಲ್ಲಿ, ಆಗಷ್ಟೇ ಶಾಲೆಯಿಂದ ಬಂದಿದ್ದ ಯೊಕಾಸ್ತಾ ಮಗ್ಗು ತುಂಬಿಕೊಂಡು ಪೀಪಾಯಿಯಿಂದ ವಾಪಸ್ ಓಡಿ ಬರ್ತಿದ್ದಳು.

"ನೀರು ತರಬೇಡ," ಅಂದಳು ರಮೋನಿತಾ. ಕೈ ಎತ್ತಿ ತೋರಿಸಿದ್ಲು. "ಇವನಿಗೂ ಹೀಗಾಗಬೇಕಾ?"

ಯೊಕಾಸ್ತಾ ನಿಲ್ಲಲಿಲ್ಲ. ಚಿಕ್ಕಜ್ಜಿಯ ಕಂಕುಳ ಕೆಳಗೆ ನುಸುಳಿ ನೀರು ಹುಯ್ದಳು. ಅರ್ಧ ಮಗುವಿನ ಹೊಟ್ಟೆ ಮೇಲೆ ಹೋಯ್ತು, ಅರ್ಧ ನೆಲಕ್ಕೆ. ವಿಲ್ಕಿನ್ ಒದೀತಾನೆ, ಹೊರಳ್ತಾನೆ, ಕೈ ಹಿಡಿಯೋಕೇ ಕೊಡಲ್ಲ. ಹತ್ತು ವರ್ಷದ ಹುಡುಗಿ ಒಂದು ಕೈಲಿ ಅವನನ್ನ ಹಿಡಿದು ಇನ್ನೊಂದು ಕೈಲಿ ಹುಯ್ಯೋದು ಆಗೋ ಕೆಲಸವಾ? ಅವಳು ತಲೆ ಎತ್ತಿ ನನ್ನ ನೋಡಿದ್ಲು. ಕಣ್ಣಲ್ಲಿ ನೀರಿತ್ತು, ಆದ್ರೆ ಮಾತು ಗಟ್ಟಿ ಇತ್ತು.

"ಅಜ್ಜಿ, ಮೊಟ್ಟೆ," ಅಂದಳು. "ಒಳಗೆ ಬೇಯ್ತಾ ಇದೆ."

ಅಷ್ಟೇ ಹೇಳಿದ್ದು. ನನಗೆ ಆ ಗಟ್ಟಿಯಾದ ಹಳದಿ ಕಣ್ಮುಂದೆ ಬಂತು, ಅದರ ಹಿಂದೇನೇ ಎರಡು ಹೋಳಾದ ಬುರುಡೆ ಬಂತು. ನನ್ನ ಕೈ ನೋಡ್ಕೊಂಡೆ. ಕೆಂಡದ ಶಾಖ ಮೂಳೆವರೆಗೂ ಇಳಿದಿತ್ತು. ಇದನ್ನ ಈಗ ತಣ್ಣೀರಿಗೆ ಹಿಡಿದ್ರೆ ನಾನು ಮುಗಿದೆ, ಬೆರಳೂ ಹೋಯ್ತು, ಬಾಯೂ ಹೋಯ್ತು, ಇಸ್ತ್ರಿನೂ ಹೋಯ್ತು ಅಂತ ನನಗೆ ನಂಬಿಕೆ ಇತ್ತು. ಸುಳ್ಳು ಯಾಕೆ ಹೇಳಲಿ, ಆಗಲೂ ಪೂರ್ತಿ ನಂಬಿಕೆ ಇತ್ತು. ಹೋದ್ರೆ ಹೋಗಲಿ ಅಂದ್ಕೊಂಡೆ. ಮುದುಕಿ ಬಾಯಿ ಸೊಟ್ಟಗಾದ್ರೆ ಯಾರಿಗೆ ನಷ್ಟ, ಈ ಕೂಸಿನ ಕೈ ಮಡಚಿಕೊಳ್ಳಬಾರದು.

ಇಸ್ತ್ರಿಪೆಟ್ಟಿಗೆ ಪಕ್ಕಕ್ಕೆ ಸರಿಸಿ ಮಗುವನ್ನ ಬಾಚಿ ಎತ್ತಿಕೊಂಡೆ. ಪೀಪಾಯಿ ಪಕ್ಕ ನೆಲದಲ್ಲಿ ಕೂತು, ಅವನ ಮೈಯನ್ನ ನನ್ನ ತೊಡೆ ಮಧ್ಯೆ ಅದುಮಿ, ಆ ಪುಟ್ಟ ಮೊಣಕೈ ಹಿಡಿದು ಕೈ ಚಾಚಿಸಿದೆ.

"ಹುಯ್ಯೇ," ಅಂದೆ.

ನೀರು ಅವನ ಕೈಗೂ ಬಿತ್ತು, ನನ್ನ ಕೈಗೂ ಬಿತ್ತು. ನೆರಳಲ್ಲಿದ್ದ ಪೀಪಾಯಿ, ನೀರು ತಣ್ಣಗಿತ್ತು. ಬೆರಳ ತುದಿಯಿಂದ ಹೆಗಲವರೆಗೂ ಜುಂ ಅಂತು. ಆಯ್ತು, ಹೊಡೀತು ಅಂದ್ಕೊಂಡು ಹಲ್ಲು ಕಚ್ಚಿ ಹಿಡಿದೆ. ರಮೋನಿತಾ ನನ್ನ ಹೆಗಲು ಜಗ್ಗಿದ್ಲು. ಅಕ್ಕ, ನಿನ್ನ ಕೈ ಬಿಸಿ ಇದೆ, ಅವನ ಕೈನೂ ಹಾಳು ಮಾಡಿ ನಿನ್ನದೂ ಮಾಡ್ಕೋತೀಯಾ, ಬಿಡು ಅಂತ ಅಳೋಕೆ ಶುರು ಮಾಡಿದ್ಲು. ಅವಳು ಅಳೋದನ್ನ ನೋಡಿದ್ರೆ ಎಲ್ಲಿ ಬಿಟ್ಟುಬಿಡ್ತೀನೋ ಅಂತ ಹೆದರಿ ತಲೆ ಎತ್ತಲೇ ಇಲ್ಲ. ಕ್ಲಾರಿಬೆಲ್ ಟೂತ್‌ಪೇಸ್ಟ್ ಹಿಡಿದು ಓಡಿ ಬಂದು, ಮಗ ನೀರಿನ ಕೆಳಗಿರೋದು ಕಂಡು ನನ್ನನ್ನ ಬಾಯಿಗೆ ಬಂದ ಹಾಗೆ ಬೈದಳು. ದೋನ್ಯಾ ಎರ್ಸಿಲಿಯಾ ಅಂತ ಮರ್ಯಾದೆಯಿಂದಲೇ ಕರೆದು, ನಿಮಗೆ ತಲೆ ಕೆಟ್ಟಿದೆಯಾ ಅಂದಳು. ಕೆಟ್ಟಿದೆ, ನಿನ್ನ ಗಂಡನ್ನ ಮೋಟರ್‌ಸೈಕಲ್ ತರೋಕೆ ಹೇಳು, ಆಸ್ಪತ್ರೆಗೆ ಹೋಗಬೇಕು, ಅಲ್ಲಿವರೆಗೂ ಈ ಕೈ ನನ್ನದು ಅಂದೆ. ನನ್ನ ದನಿ ಅವಳಿಗೆ ಗೊತ್ತು. ಓಡಿದ್ಲು.

ಇಪ್ಪತ್ತು ನಿಮಿಷ ಅಂದ್ರೆ ಎಷ್ಟು ಉದ್ದ ಅಂತ ಅವತ್ತು ಗೊತ್ತಾಯ್ತು. ಗಡಿಯಾರ ಒಳಗಿತ್ತು, ಹೋಗಿ ನೋಡೋರಿಲ್ಲ. ಬೇಲಿ ಆಚೆ ಯಾರದೋ ಬ್ಯಾಟರಿ ರೇಡಿಯೋ ಹಾಡ್ತಿತ್ತು. ಐದಾರು ಹಾಡು ಮುಗಿಯೋವರೆಗೂ ನಿಲ್ಲಿಸೋ ಹಾಗಿಲ್ಲ ಅಂತ ಯೊಕಾಸ್ತಾ ಲೆಕ್ಕ ಹಾಕಿದ್ಲು. ಹುಯ್ತಾ ಹುಯ್ತಾ ವಿಲ್ಕಿನ್‌ಗೆ ಕತೆ ಹೇಳಿದ್ಲು. ನೋಡೋ, ನೀರಲ್ಲಿ ತುಂಬ ಹೊತ್ತು ಇದ್ರೆ ಬೆರಳು ಸುಕ್ಕಾಗತ್ತೆ, ಯಾಕೆ ಗೊತ್ತಾ, ನೀರು ಒಳಗೆ ಹೋಗಿ ಅಲ್ಲ, ಒಳಗಿರೋ ನರ ರಕ್ತನಾಳಕ್ಕೆ ಬಿಗಿಯಾಗು ಅನ್ನತ್ತೆ, ಆಗ ಚರ್ಮ ಒಳಕ್ಕೆ ಹೋಗತ್ತೆ, ಒದ್ದೆ ಕಲ್ಲು ಹಿಡಿದ್ರೆ ಜಾರಬಾರದು ಅಂತ. ಅವನಿಗೆ ಏನು ಅರ್ಥ ಆಯ್ತೋ, ಅಳು ಬಿಕ್ಕಾಗಿ ಇಳೀತು, ಅವಳ ಬಾಯನ್ನೇ ನೋಡ್ತಿದ್ದ. ಮೂರನೇ ಹಾಡಿಗೆ ಅವಳ ಕೈ ಸೋತುಹೋಯ್ತು. ಸಾಕಾ ಅಜ್ಜಿ ಅಂತ ಕೇಳಲೇ ಇಲ್ಲ. ಎಡಗೈಗೆ ಬದಲಾಯಿಸಿ ಹುಯ್ದಳು, ಆಮೇಲೆ ಮತ್ತೆ ಬಲಗೈಗೆ.

ಕೊನೆಗೆ ನೋಡಿದ್ರೆ ಅವನ ಪುಟ್ಟ ಬೆರಳ ತುದಿಗಳು ಸುಕ್ಕಾಗಿದ್ವು. ನನ್ನವೂ ಸುಕ್ಕಾಗಿದ್ವು, ಅದು ವಯಸ್ಸಿಂದೋ ನೀರಿಂದೋ ಹೇಳೋದು ಕಷ್ಟ.

ಶುಭ್ರ ಬಟ್ಟೆ ಸಡಿಲವಾಗಿ ಹೊದಿಸಿ ಮೋಟರ್‌ಸೈಕಲ್ ಮೇಲೆ ಕಳಿಸಿದ್ವಿ. ಆಸ್ಪತ್ರೆಯಲ್ಲಿ ನರ್ಸಮ್ಮ ಮೊದಲು ಕೇಳಿದ್ದೇ ಏನು ಹಚ್ಚಿದ್ದೀರಿ ಅಂತ. ಏನೂ ಇಲ್ಲ, ಬರೀ ನೀರು ಅಂತ ಕ್ಲಾರಿಬೆಲ್ ತಪ್ಪು ಮಾಡಿದವಳ ಹಾಗೆ ಹೇಳಿದ್ಲಂತೆ. ಯಾರು ಹೇಳಿಕೊಟ್ರು ನಿಮಗೆ, ಒಳ್ಳೇ ಕೆಲಸ ಮಾಡಿದ್ರಿ ಅಂದ್ರಂತೆ ನರ್ಸಮ್ಮ. ಮೇಲಿನ ಚರ್ಮ ಮಾತ್ರ ಬೆಂದಿದೆ, ಆಳಕ್ಕೆ ಹೋಗಿಲ್ಲ, ಬೆರಳು ಚೆನ್ನಾಗೇ ಬಿಚ್ಚತ್ತೆ ಅಂದ್ರಂತೆ.

ನಾನು ಆ ರಾತ್ರಿ ಹಲ್ಲಿಯ ಹಾಗೆ ಕಣ್ಣು ಬಿಟ್ಕೊಂಡು ಬಿದ್ದಿದ್ದೆ. ಬೆಳಗಾಗ್ತಲೇ ಕನ್ನಡಿ ಹುಡುಕಿದೆ. ಬಾಯಿ ನೆಟ್ಟಗಿತ್ತು. ಎಡಕ್ಕೆ ಎಳೆದೆ, ಬಲಕ್ಕೆ ಎಳೆದೆ, ಬೆರಳೆಲ್ಲ ಮಡಚಿ ಬಿಚ್ಚಿದೆ. ಎಲ್ಲ ಸರಿ ಇತ್ತು. ಖುಷಿಯಾಗಬೇಕಿತ್ತು, ನನಗೆ ಸಿಟ್ಟು ಬಂತು. ಇಷ್ಟು ವರ್ಷ ಬೇಸಗೇಲೂ ಬೆವರು ಕೈ ತೊಳೀದೆ ಕೂತಿದ್ದೀನಲ್ಲ, ಯಾವ ಕರ್ಮಕ್ಕೆ ಅಂತ. ಬಾಗಿಲಲ್ಲಿ ಯೊಕಾಸ್ತಾ ನಿಂತು ನೋಡ್ತಿದ್ದಳು. ಬೇಕಂತಲೇ ಬಾಯಿ ಸೊಟ್ಟ ಮಾಡಿ ತಿರುಗಿದೆ. ಅವಳ ಮುಖ ಬಿಳಿಚಿಕೊಂಡಿತು, ಆಮೇಲೆ ಗೊತ್ತಾಗಿ ದಿಂಬು ತಗೊಂಡು ನನಗೆ ಹೊಡೆದಳು. ಇಬ್ಬರೂ ಹೊಟ್ಟೆ ಹಿಡ್ಕೊಂಡು ನಕ್ವಿ.

ರಮೋನಿತಾ ನಗಲಿಲ್ಲ. ವಿಲ್ಕಿನ್ ಕಟ್ಟು ಬಿಚ್ಚಿದ ದಿನ ಕ್ಲಾರಿಬೆಲ್ ಅವನನ್ನ ಎತ್ಕೊಂಡು ಬಂದಳು. ಚರ್ಮ ಗುಲಾಬಿ ಬಣ್ಣಕ್ಕಿತ್ತು, ಹೊಸದು. ಅವನು ಸೀದಾ ರಮೋನಿತಾ ಹತ್ತಿರ ಹೋಗಿ ಮಾವಿನಹಣ್ಣು ಬೇಕು ಅಂತ ಕೈ ಚಾಚಿದ. ಐದೂ ಬೆರಳು ಅಗಲಿಸಿ ಚಾಚಿದ. ಅವಳು ಹಣ್ಣು ಕೊಡೋದು ಮರೆತು ಆ ಅಂಗೈಯನ್ನೇ ನೋಡ್ತಾ ಕೂತಳು. ತನ್ನ ಮಡಚಿದ ಕೈಯನ್ನ ಲಂಗದ ಮಡಿಕೆಯೊಳಗೆ ಮುಚ್ಚಿಕೊಂಡಳು. ಆ ಕೈಯನ್ನ ಅವಳು ಯಾವತ್ತೂ ಮುಚ್ಚಿಟ್ಟವಳಲ್ಲ.

ಅವರು ಹೋದ ಮೇಲೆ ರಮೋನಿತಾ ನನ್ನ ಮೇಜಿನ ಹತ್ತಿರ ಬಂದು ನಿಂತಳು. ಯೊಕಾಸ್ತಾ ಅಲ್ಲೇ ಕೂತು ಅಂಗಿಗಳಿಗೆ ನೀರು ಚಿಮುಕಿಸ್ತಿದ್ದಳು.

"ಅಕ್ಕ, ಒಂದು ಕೇಳ್ತೀನಿ, ನಿಜ ಹೇಳು," ಅಂದಳು. "ಅವತ್ತು ನಮ್ಮನೇಲಿ ನೀರಿತ್ತಾ?"

ನಾನು ಇಸ್ತ್ರಿಪೆಟ್ಟಿಗೇನ ನಿಧಾನವಾಗಿ ಪಕ್ಕಕ್ಕಿಟ್ಟೆ. ನಾನು ಬಾಯಿಗೆ ಬಂದದ್ದು ಮುಖಕ್ಕೇ ಹೇಳೋಳು. ಗಿರಾಕಿಗೂ ಹೇಳ್ತೀನಿ, ಪಾದ್ರಿಗೂ ಹೇಳ್ತೀನಿ. ಆ ಬುರುಡೆ ನನ್ನ ಕೈಯಿಂದ ಬಿದ್ದ ಸದ್ದು ಇವತ್ತಿಗೂ ಕಿವೀಲಿದೆ.

"ಇರಲಿಲ್ಲ," ಅಂದೆ. "ಪೀಪಾಯಿ ತಳ ಕಾಣ್ತಿತ್ತು. ಅಮ್ಮ ಖಾಲಿ ಬುರುಡೆ ಹಿಡ್ಕೊಂಡು ಅಳ್ತಾ ನಿಂತಿದ್ಲು."

ಯೊಕಾಸ್ತಾ ಥಟ್ಟನೆ ತಲೆ ಎತ್ತಿದ್ಲು. ಬಾಯಿ ತೆಗೆದಳು. ಎರಡಕ್ಕೆರಡು ಐದು ಅಂದ್ರೆ ಊಟ ಬಿಟ್ಟು ಜಗಳ ಆಡೋ ಹುಡುಗಿ ಅವಳು. ನಾನು ಅವಳ ಕಡೆ ನೋಡಿದೆ, ಗದರಿಸೋ ನೋಟ ಅಲ್ಲ, ಬೇಡಿಕೊಳ್ಳೋ ನೋಟ. ಅವಳು ಚಿಕ್ಕಜ್ಜಿ ಮುಖ ನೋಡಿದ್ಲು, ನನ್ನ ಮುಖ ನೋಡಿದ್ಲು. ಬಾಯಿ ಮುಚ್ಚಿಕೊಂಡು ಮತ್ತೆ ಅಂಗಿಗೆ ನೀರು ಚಿಮುಕಿಸೋಕೆ ಶುರು ಮಾಡಿದ್ಲು. ಎಚ್ಚರವಾಗಿದ್ದಾಗ ಅವಳು ಹಾಗೆ ಬಾಯಿ ಮುಚ್ಚಿದ್ದನ್ನ ನಾನು ಅಪರೂಪಕ್ಕೆ ಕಂಡದ್ದು.

"ಪಾಪ, ಅಮ್ಮ," ಅಂದಳು ರಮೋನಿತಾ. ಆಮೇಲೆ ಎಡಗೈಲಿ ಬಕೆಟ್ ಎತ್ಕೊಂಡು ಹೋಗಿ, ಅರ್ಧ ಇಳಿದಿದ್ದ ಪೀಪಾಯೀನ ಬಾಯಿಮಟ್ಟ ತುಂಬಿಸಿದ್ಲು. ಯಾರನ್ನೂ ಸಹಾಯಕ್ಕೆ ಕರೀಲಿಲ್ಲ.

ಆ ಶುಕ್ರವಾರ ಯೊಕಾಸ್ತಾ ಕ್ಲಾಸಿಗೆ ತಗೊಂಡು ಹೋದ ಪ್ರಶ್ನೆ, ಸುಟ್ಟ ಕೂಡಲೇ ಮೊದಲು ಏನು ಹಾಕಬೇಕು ಅನ್ನೋದು. ಎರಡು ಮೊಟ್ಟೇನೂ ತಗೊಂಡು ಹೋದಳು, ಈ ಸಲ ನಾನೇ ಕೊಟ್ಟೆ. ಟೀಚರ್ ತಾಯಂದಿರನ್ನೂ ಕರೆದಿದ್ರು, ನಾನೂ ರಮೋನಿತಾನೂ ಹೋಗಿದ್ವಿ. ಮೊಟ್ಟೆ ಒಡೆದು ತೋರಿಸಿದ್ದಾಯ್ತು, ಹೆಂಗಸರು ಒಬ್ಬರ ಮುಖ ಒಬ್ಬರು ನೋಡ್ಕೊಂಡ್ರು. ಮೊಟ್ಟೆ ಬೇರೆ, ಮಕ್ಕಳು ಬೇರೆ ಅಂತ ಹಿಂದಿಂದ ಒಬ್ಬಳು ಗೊಣಗಿದ್ಲು. ಬೀದಿಗೆಲ್ಲ ಗೊತ್ತಿರೋ ಸಾಕ್ಷಿ ಇರೋವಾಗ ಮೊಟ್ಟೆ ಮಾತು ಯಾರು ಕೇಳ್ತಾರೆ?

ಆಗ ರಮೋನಿತಾ ಎದ್ದು ನಿಂತಳು. ಎದ್ದೇಳ್ತಾಳೆ ಅಂತ ನನಗೂ ಗೊತ್ತಿರಲಿಲ್ಲ. ಮುಂದೆ ಹೋಗಿ ಲಂಗದ ಮಡಿಕೆಯಿಂದ ಆ ಕೈ ತೆಗೆದು ಎತ್ತಿ ಹಿಡಿದಳು. ಎಷ್ಟೋ ವರ್ಷದಿಂದ ಎತ್ತಿ ಹಿಡಿದ ಹಾಗೇ ಹಿಡಿದಳು.

"ಇದು ನೀರು ತಾಗಿ ಆದದ್ದು ಅಂತ ನಿಮಗೆಲ್ಲ ನಾನೇ ಹೇಳಿದ್ದೆ," ಅಂದಳು. "ಅಲ್ಲ. ನೀರಿಲ್ಲದೆ ಆದದ್ದು. ಅವತ್ತು ನಮ್ಮನೆ ಪೀಪಾಯಿ ಖಾಲಿ ಇತ್ತು, ನಮ್ಮಮ್ಮ ಏನು ಮಾಡಿಯಾಳು? ನಿಮ್ಮನೇಲಿ ನೀರಿದೆ. ಇದ್ದೂ ಹುಯ್ಯದೆ ನಿಂತ್ರೆ ನಿಮ್ಮನ್ನ ನಾನು ಸುಮ್ಮನೆ ಬಿಡಲ್ಲ."

ಯೊಕಾಸ್ತಾ ನನ್ನ ಪಕ್ಕಕ್ಕೆ ಬಂದು ಕೂತು ನನ್ನ ಕೈ ಗಟ್ಟಿಯಾಗಿ ಹಿಡ್ಕೊಂಡಳು. ಆ ಸುಳ್ಳನ್ನ ನಾನು ಸಾಯೋವರೆಗೂ ಇಟ್ಕೋತೀನಿ, ಆಮೇಲೆ ಅವಳು ಇಟ್ಕೋತಾಳೆ.